ತೂಕದಕ್ಕ ಊದುವುದನ್ನು ಬಿಟ್ಟದ್ದು

ಕೂಸನ್ನು ತೂಗುವುದು ಸಕ್ಕರೆ ತೂಗಿದಂತಲ್ಲ. ಸಕ್ಕರೆ ಸುಮ್ಮನಿರುತ್ತದೆ. ಕೂಸನ್ನು ಬಟ್ಟೆಯ ಜೋಳಿಗೆಯಲ್ಲಿ ಮಲಗಿಸಿ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದ ಕೂಡಲೇ ಅದು ಕೈಕಾಲು ಬಡಿಯುತ್ತದೆ. ಜೋಳಿಗೆ ಓಲಾಡುತ್ತದೆ, ತಕ್ಕಡಿಯ ಗುಂಡನೆಯ ಮುಖದ ಮೇಲೆ ಮುಳ್ಳು ಮೂರು ಕಿಲೋದಿಂದ ಮೂರೂವರೆಗೆ ಹಾರಿ ಎರಡೂಮುಕ್ಕಾಲಿಗೆ ಇಳಿಯುತ್ತದೆ. ಹೆಚ್ಚಿನವರು ಆ ಮುಳ್ಳನ್ನು ನೋಡಿ ಅಂದಾಜಿಗೆ ಒಂದು ಸಂಖ್ಯೆ ಬರೆದು ಕೈತೊಳೆದುಕೊಳ್ಳುತ್ತಾರೆ. ನನ್ನ ದೊಡ್ಡಮ್ಮ ಹಾಗಲ್ಲ. ಅವಳು ಬಗ್ಗಿ, ಕೂಸಿನ ಮುಖದಿಂದ ಒಂದು ಗೇಣು ದೂರದಲ್ಲಿ ತುಟಿ ಚೂಪು ಮಾಡಿ, ಮೆಲ್ಲಗೆ ಉಫ್ ಎಂದು ಊದುತ್ತಿದ್ದಳು.

ಮುಖಕ್ಕೆ ಗಾಳಿ ತಾಗಿದರೆ ಎಳೆಗೂಸು ಕಣ್ಣು ಮುಚ್ಚಿ ಉಸಿರು ಹಿಡಿಯುತ್ತದೆ. ಅಳು ಅರ್ಧಕ್ಕೆ ನಿಲ್ಲುತ್ತದೆ, ಕೈಗಳು ಗಾಳಿಯಲ್ಲೇ ಉಳಿಯುತ್ತವೆ. ಹೆಚ್ಚೆಂದರೆ ಒಂದೂವರೆ ಸೆಕೆಂಡು. ಅಷ್ಟರಲ್ಲಿ ಮುಳ್ಳು ನಿಲ್ಲುತ್ತದೆ, ಅಷ್ಟರಲ್ಲಿ ಅವಳು ಓದಿ ಮುಗಿಸಿರುತ್ತಾಳೆ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕೂಸಿನ ಮೂಗಿನ ಮೇಲೆ ಕೂತ ನೊಣವನ್ನು ಊದಿ ಓಡಿಸಲು ಹೋಗಿ ಇದನ್ನು ಕಂಡುಕೊಂಡಳಂತೆ. ಆಮೇಲಿನ ಇಪ್ಪತ್ತೆರಡು ವರ್ಷ ಅವಳ ಪುಸ್ತಕದಲ್ಲಿ ಅಂದಾಜಿನ ಸಂಖ್ಯೆ ಒಂದೂ ಇರಲಿಲ್ಲ.

ಅವಳ ಕೆಲಸ ನಮ್ಮ ಬಡಾವಣೆಯ ಶಿಶು ಆರೋಗ್ಯ ಕೇಂದ್ರದಲ್ಲಿ. ಮಂಗಳವಾರ ಮತ್ತು ಶುಕ್ರವಾರ ಮನೆಮನೆ ಸುತ್ತಿ, ಹುಟ್ಟುವಾಗಲೇ ತೂಕ ಕಡಿಮೆ ಇದ್ದ ಕೂಸುಗಳನ್ನು ತೂಗಿ ಬರಬೇಕು. ಊರೆಲ್ಲ ಅವಳನ್ನು ತೂಕದಕ್ಕ ಎಂದೇ ಕರೆಯುತ್ತಿತ್ತು. ಮರಳು ತುಂಬಿ ಬಾಯಿಗೆ ಅರಗು ಹಾಕಿದ ಒಂದು ಡಬ್ಬಿ ಅವಳ ಹತ್ತಿರವಿತ್ತು. ನಾನು ಓದುತ್ತಿದ್ದಾಗ ಅದನ್ನು ನಮ್ಮ ಕಾಲೇಜಿನ ತಕ್ಕಡಿಯಲ್ಲಿ ತೂಗಿಸಿ, ಡಬ್ಬಿಯೂ ಸೇರಿ ಸರಿಯಾಗಿ ಎರಡು ಸಾವಿರ ಗ್ರಾಂ ಬರುವಂತೆ ನನ್ನಿಂದ ಮಾಡಿಸಿಕೊಂಡಿದ್ದಳು. ದಿನಾ ಬೆಳಿಗ್ಗೆ ಆ ಡಬ್ಬಿಯನ್ನು ಕೊಕ್ಕೆಗೆ ಹಾಕಿ ಮುಳ್ಳು ಎರಡರ ಗೆರೆಯ ಮೇಲೆ ಬರುವುದನ್ನು ನೋಡಿಯೇ ಹೊರಡುತ್ತಿದ್ದಳು. ಊರಿನ ಮಕ್ಕಳೆಲ್ಲ ಎಷ್ಟು ಗ್ರಾಂ ಎಂದು ಬಾಯಿಪಾಠ ಬರುತ್ತದೆ, ಮನೆಯ ಸಕ್ಕರೆ ಡಬ್ಬಿ ಖಾಲಿಯಾಗಿ ಮೂರು ದಿನವಾದದ್ದು ಮಾತ್ರ ತಿಳಿಯುವುದಿಲ್ಲ ಎಂದು ದೊಡ್ಡಪ್ಪ ಛೇಡಿಸುತ್ತಿದ್ದರು. ಮಳೆಯಿರಲಿ, ಬಸ್ಸು ಬರದಿರಲಿ, ಮಂಗಳವಾರ ತಪ್ಪಿಸಿದವಳಲ್ಲ. ಹೊಸದಾಗಿ ಸೇರಿದವರನ್ನು ಕೇಂದ್ರದವರು ಮೊದಲು ಅವಳ ಜೊತೆ ಕಳಿಸುತ್ತಿದ್ದರು. ಹಾಗೆ ಹನ್ನೊಂದು ಜನರಿಗೆ ಅವಳು ಊದುವುದನ್ನು ಕಲಿಸಿದ್ದಳು.

ಆ ಭಾನುವಾರ ಮಧ್ಯಾಹ್ನ ನಾನು ಊಟಕ್ಕೆ ಅವಳ ಮನೆಗೆ ಹೋಗಿದ್ದೆ. ಅವಳ ಮೂಗು ಸೋರುತ್ತಿತ್ತು, ಸ್ವರ ಒಡೆದಿತ್ತು, ಜ್ವರವಿರಲಿಲ್ಲ. ಮಂಗಳವಾರದ ಸುತ್ತಿಗೆ ಹೋಗಲೋ ಬೇಡವೋ ಎಂದು ಅವಳೇ ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಪ್ರಶ್ನೆ ಕೇಳಿದ್ದು ನಾನು ಕೇಳಿರಲಿಲ್ಲ. ಮಕ್ಕಳ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು ನಾನು. ಮೂಗಿನಿಂದ ತೆಗೆದ ಮಾದರಿಗಳಲ್ಲಿ ಯಾವ ವೈರಸ್ ಇದೆ ಎಂದು ಹುಡುಕುವುದೇ ನನ್ನ ದಿನದ ಕೆಲಸ. ಆ ವಾರ ನಮ್ಮಲ್ಲಿ ಬಂದ ಮಾದರಿಗಳು ಹಿಂದಿನ ವಾರದ ದುಪ್ಪಟ್ಟು. ಅಷ್ಟೆಲ್ಲ ಗೊತ್ತಿದ್ದ ನಾನು ಊಟದ ತಟ್ಟೆಯಿಂದ ತಲೆಯೆತ್ತದೆ, "ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ ದೊಡ್ಡಮ್ಮ?" ಎಂದೆ. ಅವಳು ನಕ್ಕಳು. ದೊಡ್ಡಪ್ಪನೂ ನಕ್ಕರು. ಮಾತು ಬೇರೆ ಕಡೆ ಹೋಯಿತು.

ಹೋಗಲೇಬೇಕೆಂದು ಅವಳಿಗೆ ಅನ್ನಿಸಿದ್ದಕ್ಕೆ ಕಾರಣವಿತ್ತು. ಬಟ್ಟೆ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಶಾಲೆಯ ಸಮವಸ್ತ್ರ ಹೊಲಿಯುವ ಒಬ್ಬ ಹೆಂಗಸಿನ ಎರಡನೆಯ ಕೂಸು, ಹೆಣ್ಣು, ಮೂರು ವಾರ ಮೊದಲೇ ಹುಟ್ಟಿತ್ತು. ಹುಟ್ಟಿದಾಗ ಎರಡು ಕಿಲೋ ನೂರು ಗ್ರಾಂ. ಐದನೆಯ ವಾರದವರೆಗೆ ಚೆನ್ನಾಗಿಯೇ ಏರಿ, ಎರಡು ಕಿಲೋ ಏಳುನೂರಕ್ಕೆ ಬಂದು ನಿಂತುಬಿಟ್ಟಿತ್ತು. ಅದರ ಮುಂದಿನ ವಾರವೂ ಎರಡು ಕಿಲೋ ಏಳುನೂರೇ. ಎದೆಹಾಲು ಸಾಲುತ್ತಿಲ್ಲವೇ, ಬಾಟಲಿ ಹಾಲು ಶುರುಮಾಡಬೇಕೇ ಎಂಬುದು ಈ ಮಂಗಳವಾರದ ತೂಕದ ಮೇಲೆ ನಿಂತಿತ್ತು. ತಾಯಿ ಹೊಲಿಗೆಯಂತ್ರದ ಮೇಲೆ ಅಂಟಿಸಿದ್ದ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸೀಮೆಸುಣ್ಣದಿಂದ ಗುಂಡು ಹಾಕಿಟ್ಟಿದ್ದಳು. ಅವಳ ಗಂಡ ಲಾರಿ ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು.

ದೊಡ್ಡಮ್ಮ ಆ ಮಂಗಳವಾರ ಒಂಬತ್ತು ಮನೆ ಸುತ್ತಿದಳು. ಪ್ರತಿ ಬಾಗಿಲಲ್ಲೂ ಕರವಸ್ತ್ರದಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಕೈ ತೊಳೆದದ್ದು ಎಲ್ಲ ಕಡೆಯೂ ಅಲ್ಲ ಎಂದು ಆಮೇಲೆ ತಾನೇ ಎಣಿಸಿ ಹೇಳಿದಳು: ಒಂಬತ್ತರಲ್ಲಿ ನಾಲ್ಕು ಕಡೆ ಮಾತ್ರ. ಹೊಲಿಗೆಯವಳ ಕೂಸು ಅವತ್ತು ಹಸಿದಿತ್ತು, ಒದ್ದಾಡುತ್ತಿತ್ತು. ಒಂದು ಸಲ ಊದಿದರೆ ಮುಳ್ಳು ನಿಲ್ಲಲಿಲ್ಲ. ಎರಡನೆಯ ಸಲ ನಿಂತದ್ದು ಅರೆಕ್ಷಣ. ಸಂಖ್ಯೆಯ ಮೇಲೆ ಅಷ್ಟೆಲ್ಲ ನಿಂತಿರುವಾಗ ಅನುಮಾನ ಉಳಿಯಬಾರದೆಂದು ಇನ್ನಷ್ಟು ಹತ್ತಿರ ಬಗ್ಗಿ ಮೂರನೆಯ ಸಲ ಊದಿದಳು. ಎರಡು ಕಿಲೋ ಎಂಟುನೂರೈವತ್ತು. ಒಂದು ವಾರಕ್ಕೆ ನೂರೈವತ್ತು ಗ್ರಾಂ. ತಾಯಿ ಕೂಸನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿ ಅತ್ತಳು. ಬಾಟಲಿ ಬೇಡ ಎಂದು ದೊಡ್ಡಮ್ಮ ಹೇಳಿ, ಗೆರೆ ಎಳೆದು, ಬರೆದು, ಮುಂದಿನ ಮನೆಗೆ ಹೋದಳು.

ಮುಂದಿನ ಮಂಗಳವಾರ ಆ ಮನೆಗೆ ಬೀಗ ಹಾಕಿತ್ತು.

ಎದುರುಮನೆಯ ಮುದುಕಿ ಕಿಟಕಿಯಲ್ಲೇ ಇದ್ದಳು. ಬೀದಿಯಲ್ಲಿ ಯಾರಿಗೆ ಏನಾದರೂ ಮೊದಲು ಅವಳಿಗೇ ಗೊತ್ತಾಗುತ್ತಿತ್ತು. ಕಾಗೆಗಿಂತ ಮೊದಲು ನಾನೇ ಎದ್ದಿರುತ್ತೇನೆ ಎಂದು ಅವಳೇ ಜಂಬದಿಂದ ಹೇಳಿಕೊಳ್ಳುತ್ತಿದ್ದಳು. ಕೂಸಿಗೆ ಶನಿವಾರ ಮೂಗು ಕಟ್ಟಿತಂತೆ. ಭಾನುವಾರ ಹಾಲು ಬಿಟ್ಟಿತಂತೆ. ಸೋಮವಾರ ಬೆಳಿಗ್ಗೆ ತಾಯಿ ಅದನ್ನು ಎತ್ತಿಕೊಂಡು ಚಪ್ಪಲಿ ಕೂಡ ಹಾಕದೆ ಆಸ್ಪತ್ರೆಗೆ ಓಡಿದಳಂತೆ, ದೊಡ್ಡ ಮಗಳನ್ನು ನೋಡಿಕೊಳ್ಳಲು ಇವಳಿಗೆ ಒಪ್ಪಿಸಿ. ಐದು ವರ್ಷದ ಆ ದೊಡ್ಡ ಮಗಳು ಮುದುಕಿಯ ಮಗ್ಗುಲಲ್ಲಿ ನಿಂತು ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತಿದ್ದಳು. ದೊಡ್ಡಮ್ಮ ಆ ಹುಡುಗಿಯ ಮೂಗನ್ನು ನೋಡಿದಳು. ತನ್ನ ಕೈಯಲ್ಲಿದ್ದ ಕರವಸ್ತ್ರವನ್ನೂ ನೋಡಿಕೊಂಡಳು.

ಉಳಿದ ಎಂಟು ಮನೆಗಳಿಗೂ ಹೋದಳು, ಆದರೆ ಒಳಗೆ ಹೋಗಲಿಲ್ಲ. ಹೊಸ್ತಿಲಾಚೆ ನಿಂತು ಕೂಸು ಹೇಗಿದೆ ಎಂದು ಕೇಳಿದಳು. ಎರಡು ಮನೆಗಳಲ್ಲಿ ಕೂಸುಗಳಿಗೆ ನೆಗಡಿಯಾಗಿ ಕಡಿಮೆಯಾಗುತ್ತಾ ಬಂದಿತ್ತು. ಅವು ಐದಾರು ತಿಂಗಳಿನವು, ದಷ್ಟಪುಷ್ಟವಾದವು. ಅಲ್ಲಿಂದ ನೇರ ಆಸ್ಪತ್ರೆಗೆ ಬಂದಳು.

ಆಸ್ಪತ್ರೆಯಲ್ಲಿ ಆದದ್ದನ್ನು ಅವಳು ಅವತ್ತು ಸಂಜೆ ನನಗೆ ಹೇಳಿದಳು. ವಾರ್ಡಿನ ಗಾಜಿನ ಬಾಗಿಲಿನಿಂದಲೇ ಕೂಸು ಕಾಣುತ್ತಿತ್ತು. ಡಾಕ್ಟರು ನ್ಯುಮೋನಿಯ ಎಂದಿದ್ದರು. ಮೂಗಿಗೆ ಆಮ್ಲಜನಕದ ಸಣ್ಣ ಕೊಳವೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಸೆಳೆದುಕೊಳ್ಳುತ್ತಿತ್ತು, ಗಂಟಲ ಬುಡದಲ್ಲಿ ಹಳ್ಳ ಬೀಳುತ್ತಿತ್ತು. ದೊಡ್ಡಮ್ಮ ಗೋಡೆಯ ಗಡಿಯಾರ ನೋಡಿಕೊಂಡು ಎಣಿಸಿದಳು. ನಿಮಿಷಕ್ಕೆ ಎಪ್ಪತ್ತೆರಡು. ಆ ವಯಸ್ಸಿನ ಕೂಸಿಗೆ ಅರವತ್ತು ದಾಟಿದರೆ ಅಪಾಯವೆಂದು ಊರಿನ ಎಲ್ಲ ತಾಯಂದಿರಿಗೂ ಕಲಿಸಿದವಳು ಅವಳೇ. ಹೊಲಿಗೆಯವಳು ಹೊರಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ಹೊಟ್ಟೆ ಏರಿ ಇಳಿಯೋದು ನೋಡಿ ಎಣಿಸು ಅಂತ ನೀವು ಹೇಳ್ಕೊಟ್ಟಿದ್ರಲ್ಲ. ಎಪ್ಪತ್ನಾಲ್ಕು ಬಂತು, ಓಡ್ ಬಂದ್ಬಿಟ್ಟೆ. ಇನ್ನರ್ಧ ದಿನ ಬಿಟ್ಟಿದ್ರೆ ಕಷ್ಟ ಆಗ್ತಿತ್ತು ಅಂದ್ರು ಡಾಕ್ಟ್ರು. ನೀವಿಲ್ದಿದ್ರೆ ನನ್ ಮಗು ಇರ್ತಿರ್ಲಿಲ್ಲ."

ದೊಡ್ಡಮ್ಮ ಕೈ ಬಿಡಿಸಿಕೊಂಡಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಕೈ ಹಿಡಿದಳು ನೋಡು, ಅದೇ ಆಗಲಿಲ್ಲ ಎಂದು ನನ್ನ ಹತ್ತಿರ ಹೇಳಿದಳು.

ಹೇಳಿ ಮುಗಿಸಿದ ಮೇಲೆ ಅವಳಿಗೆ ನನ್ನಿಂದ ಬೇಕಿದ್ದದ್ದು ಸಮಾಧಾನವಲ್ಲ, ಲೆಕ್ಕ. ಇಷ್ಟು ಸಣ್ಣ ನೆಗಡಿ ನ್ಯುಮೋನಿಯ ಹೇಗಾಗುತ್ತದೆ ಎಂದು ಕೇಳಿದಳು. ನ್ಯುಮೋನಿಯ ಎಂದರೆ ಚಳಿಯಲ್ಲಿ ಬಿಟ್ಟದ್ದಕ್ಕೆ, ಗಲೀಜಿಗೆ, ಬರುವ ಬೇರೆಯೇ ಒಂದು ದೊಡ್ಡ ಕಾಯಿಲೆ, ನೆಗಡಿಗೂ ಅದಕ್ಕೂ ಸಂಬಂಧವಿಲ್ಲ ಎಂದೇ ಇಷ್ಟು ವರ್ಷ ಅವಳು ನಂಬಿದ್ದಳು. ನಾನು ತಿಳಿದಷ್ಟು ಹೇಳಿದೆ. ದೊಡ್ಡವರಲ್ಲಿ ಬರೀ ನೆಗಡಿಯಾಗಿ ಹೋಗುವ ವೈರಸ್ಸುಗಳಲ್ಲಿ ಒಂದಿದೆ. ಅದರ ಪೂರ್ತಿ ಹೆಸರು ಉದ್ದ, ಆಸ್ಪತ್ರೆಯಲ್ಲಿ ಆರ್‌ಎಸ್‌ವಿ ಎನ್ನುತ್ತಾರೆ. ನಮ್ಮಲ್ಲಿ ಅದು ಹೆಚ್ಚಾಗಿ ಮೂಗಿನಲ್ಲೇ ಉಳಿಯುತ್ತದೆ. ಎರಡು ತಿಂಗಳೂ ತುಂಬದ ಕೂಸಿನಲ್ಲಿ ಕೆಳಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿನ ಗಾಳಿಕೊಳವೆಗಳು ಪೆನ್ನಿನ ರೀಫಿಲ್ಲಿಗಿಂತ ಸಣ್ಣವು. ಒಳಗೋಡೆ ಸ್ವಲ್ಪ ಊದಿಕೊಂಡು ಸ್ವಲ್ಪ ಕಫ ಕಟ್ಟಿದರೂ ಗಾಳಿ ಹೋಗುವ ದಾರಿ ಮುಚ್ಚಿಹೋಗುತ್ತದೆ. ಮೊದಲೇ ಹುಟ್ಟಿದ ಕೂಸಾದರೆ ಇನ್ನೂ ಕಷ್ಟ. ಎಳೆಗೂಸುಗಳ ಜೋರಾದ ನ್ಯುಮೋನಿಯದಲ್ಲಿ ಇಂಥ ವೈರಸ್ಸುಗಳ ಪಾಲು ನಾವು ಹಿಂದೆ ಎಣಿಸಿದ್ದಕ್ಕಿಂತ ಬಹಳ ದೊಡ್ಡದು. ಬ್ಯಾಕ್ಟೀರಿಯ ಕೂಡ ಸೇರಿರಬಹುದೆಂದು ಡಾಕ್ಟರು ಮೊದಲು ಆ್ಯಂಟಿಬಯೋಟಿಕ್ ಕೊಡುತ್ತಾರೆ, ಆದರೆ ವೈರಸ್ಸಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ಆಮ್ಲಜನಕ ಕೊಟ್ಟು, ಹಾಲು ಹೊಟ್ಟೆಗೆ ಇಳಿಯುವಂತೆ ನೋಡಿಕೊಂಡು, ಕೂಸು ತಾನೇ ಗೆಲ್ಲುವವರೆಗೆ ಕಾಯಬೇಕು.

"ಕೂಸಿಗೆ ಅದೇನಾ?" ಎಂದಳು.

ಕೂಸಿನ ಮೂಗಿನ ಮಾದರಿ ಅಂದೇ ನನ್ನ ಕೈ ದಾಟಿ ಹೋಗಿತ್ತು. ಫಲಿತಾಂಶವನ್ನು ನಾನು ಹೇಳುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಡಾಕ್ಟರೇ ತಾಯಿಗೆ ಹೇಳಿದರು, ತಾಯಿ ದೊಡ್ಡಮ್ಮನಿಗೆ ಹೇಳಿದಳು. ಆರ್‌ಎಸ್‌ವಿ. ಮಧ್ಯಾಹ್ನ ದೊಡ್ಡಮ್ಮ ಪ್ರಯೋಗಾಲಯದ ಕಿಟಕಿಗೆ ಬಂದು, ನನ್ನ ಮೂಗಿನದೂ ತೆಗೆದು ನೋಡು ಎಂದಳು. ನಾನು ಡಾಕ್ಟರನ್ನು ಕೇಳಿ, ಅವರು ಬರೆದುಕೊಟ್ಟ ಮೇಲೆ ತೆಗೆದೆ. ಕಡ್ಡಿ ಮೂಗಿನ ಆಳಕ್ಕೆ ಹೋದಾಗ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ. ಅವಳು ಆ ನೀರನ್ನು ಬಹಳ ಹೊತ್ತು ಒರೆಸಿಕೊಳ್ಳಲಿಲ್ಲ.

ಅವಳ ನೆಗಡಿ ಹತ್ತು ದಿನ ಹಳೆಯದಾಗಿತ್ತು. ಆದರೂ ಫಲಿತಾಂಶದಲ್ಲಿ ಅದೇ ವೈರಸ್ ಮಸುಕಾಗಿ ಕಂಡಿತು. ನಾನು ಅವಳನ್ನು ಮೆಟ್ಟಿಲ ಹತ್ತಿರ ಕೂರಿಸಿ ಇದರ ಅರ್ಥವೇನು, ಏನಲ್ಲ ಎಂದು ಹೇಳತೊಡಗಿದೆ. ಆ ವಾರ ನಾವು ನೋಡಿದ ನಲವತ್ತು ಮಾದರಿಗಳಲ್ಲಿ ಹದಿನೇಳರಲ್ಲಿ ಅದೇ ಇತ್ತು. ಇಡೀ ಊರಿಗೇ ಬಂದಿತ್ತು. ಕೂಸಿನ ಅಕ್ಕನಿಗೆ, ಆ ಐದು ವರ್ಷದವಳಿಗೆ, ಹಿಂದಿನ ಬುಧವಾರವೇ ನೆಗಡಿ ಶುರುವಾಗಿತ್ತು, ಶಾಲೆಯಿಂದ ತಂದಿರಬಹುದು. ವೈರಸ್ ಒಳಹೊಕ್ಕು ಕಾಯಿಲೆ ಕಾಣಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ದಿನ, ಎರಡೂ ಆಗಬಹುದು, ಎಂಟೂ ಆಗಬಹುದು. ಮಂಗಳವಾರದಿಂದ ಶನಿವಾರಕ್ಕೆ ಲೆಕ್ಕ ಸರಿಹೋಗುತ್ತದೆ. ಅಕ್ಕನಿಂದ ಬಂತೆಂದರೂ ಸರಿಹೋಗುತ್ತದೆ.

ಅವಳು ಪೂರ್ತಿ ಕೇಳಿಸಿಕೊಂಡಳು.

"ಪುಟ್ಟೀ, ಒಂದೇ ಮಾತು ಹೇಳು. ನನ್ನಿಂದ ಬಂದಿಲ್ಲ ಅಂತ ಹೇಳೋಕಾಗತ್ತಾ?"

"ಇಲ್ಲ ದೊಡ್ಡಮ್ಮ."

"ಸರಿ."

ಬಂದಿದೆ ಎಂದೂ ಹೇಳಲಾಗುವುದಿಲ್ಲ ಎಂದು ನಾನು ಸೇರಿಸಬೇಕಿತ್ತು, ಸೇರಿಸಿದೆ. ಆಗಲೇ ಅವಳು ಎದ್ದಿದ್ದಳು. ಆ ಭಾನುವಾರ ನಾನಾಡಿದ ಗಾದೆ ನನಗೆ ನೆನಪಾಯಿತು. ಅವಳು ಅದನ್ನು ಅವತ್ತೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ.

ಅದೇ ಬುಧವಾರ ಸಂಜೆಗೆ ಕೂಸು ಸೋತಿತು. ಬರೀ ಆಮ್ಲಜನಕ ಸಾಲದೆ, ಗಾಳಿಯನ್ನು ಒತ್ತಡದಿಂದ ಮೂಗಿಗೆ ತಳ್ಳುವ ಯಂತ್ರ ಹಾಕಿದರು. ಗುರುವಾರ, ಶುಕ್ರವಾರ ಹಾಗೆಯೇ ಇತ್ತು. ದೊಡ್ಡಮ್ಮ ಶುಕ್ರವಾರದ ಸುತ್ತಿಗೆ ಹೋಗಲಿಲ್ಲ. ಕೇಂದ್ರಕ್ಕೆ ಚೀಟಿ ಕಳಿಸಿದಳು: ನೆಗಡಿ ಪೂರ್ತಿ ವಾಸಿಯಾಗಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವಳ ಮೊದಲ ರಜೆ. ವಾರ್ಡಿನ ಹೊರಗಿನ ಬೆಂಚಿನ ಆ ತುದಿಯಲ್ಲಿ, ಬಾಗಿಲಿನಿಂದ ಆದಷ್ಟು ದೂರ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕೂತಿರುತ್ತಿದ್ದಳು. ಒಳಗೆ ಬನ್ನಿ ಎಂದು ಹೊಲಿಗೆಯವಳು ಕರೆದರೂ ಹೋಗಲಿಲ್ಲ. ಯಾಕಕ್ಕ ಎಂದು ಕೇಳಿದರೆ ಕೆಮ್ಮು ಇದೆ ಎನ್ನುವಳು. ಅವಳು ಅದನ್ನು ಸೋಮವಾರ ಹೇಳಬೇಕಿತ್ತು, ಹಿಂದಿನ ವಾರ ಸುತ್ತಿಗೆ ಹೊರಡುವ ಮುಂಚಿನ ಸೋಮವಾರ.

ಬೆಂಚಿನ ಮೇಲೆ ಕೂತೇ ಅವಳು ಒಂದು ಕೆಲಸ ಮಾಡಿದಳು. ತಾನು ಕಲಿಸಿದ ಹನ್ನೊಂದು ಜನರಿಗೂ ಫೋನ್ ಮಾಡಿ, ಇನ್ನು ಊದಬೇಡಿ, ಮೂಗು ಸೋರುತ್ತಿದ್ದರೆ ಮನೆಗಳಿಗೇ ಹೋಗಬೇಡಿ ಎಂದಳು. ಹೆಚ್ಚಿನವರು ಆಗಲಿ ಎಂದರು. ಒಬ್ಬಳು ಕೆಲಸ ಬಿಟ್ಟಾಗಿತ್ತು. ಒಬ್ಬಳು ನಕ್ಕುಬಿಟ್ಟಳು, ಫೋನಿನ ಆಚೆಯ ಆ ನಗು ನನಗೂ ಕೇಳಿಸಿತು.

"ಏನಕ್ಕ ನೀವು, ಬಾಯಲ್ಲಿ ಬೆಲ್ಲ ಇಟ್ಟ ಹಾಗೆ ಹೇಳ್ಕೊಟ್ಟು ಈಗ ಉಗುಳು ಅಂತೀರಲ್ಲ. ಊದ್ದೆ ಇದ್ರೆ ಮುಳ್ಳು ನಿಲ್ಲೋದು ಹೇಗೆ?"

"ನಿಲ್ಲದಿದ್ರೆ ನಿಲ್ಲದೇ ಇರ್ಲಿ ಕಣೇ" ಎಂದು ದೊಡ್ಡಮ್ಮ ಫೋನ್ ಇಟ್ಟಳು.

ಶನಿವಾರ ಬೆಳಿಗ್ಗೆ ಉಸಿರು ಐವತ್ತೆಂಟಕ್ಕೆ ಇಳಿಯಿತು. ಭಾನುವಾರ ಯಂತ್ರ ತೆಗೆದರು. ರಕ್ತದಲ್ಲಿ ಬ್ಯಾಕ್ಟೀರಿಯ ಬೆಳೆಯದ್ದರಿಂದ ಆ್ಯಂಟಿಬಯೋಟಿಕ್ಕನ್ನು ಅಷ್ಟರಲ್ಲಾಗಲೇ ನಿಲ್ಲಿಸಿದ್ದರು. ಬುಧವಾರ ಕೂಸು ಎದೆಹಾಲು ಕುಡಿದು ಮನೆಗೆ ಹೋಯಿತು.

ತನ್ನ ನೆಗಡಿಯ ವಿಷಯವನ್ನು ತಾಯಿಗೆ ಆಸ್ಪತ್ರೆಯಲ್ಲಿ ಹೇಳಲು ದೊಡ್ಡಮ್ಮನಿಗೆ ಬಾಯಿ ಬರಲಿಲ್ಲ. ಕೂಸು ಒದ್ದಾಡುವಾಗ ತಾಯಿಯ ಮೇಲೆ ಇದನ್ನೂ ಹೊರಿಸಬಾರದೆಂದು ಅಂದುಕೊಂಡಳಂತೆ. ಅದು ನಿಜವೋ, ತನ್ನ ಅಂಜಿಕೆಗೆ ತಾನೇ ಕೊಟ್ಟ ಹೆಸರೋ ಗೊತ್ತಾಗಲಿಲ್ಲ ಎಂದಳು. ಕೂಸು ಮನೆಗೆ ಬಂದ ಮೇಲೆ ಆ ನೆಪವೂ ಉಳಿಯಲಿಲ್ಲ. ಮುಂದಿನ ಮಂಗಳವಾರ ತೂಗಲು ಹೋಗಬೇಕಿತ್ತು. ನನ್ನನ್ನೂ ಬಾ ಎಂದಳು.

"ನಾನು ಹೇಳ್ದೆ ವಾಪಸ್ ಬಂದ್ಬಿಟ್ರೆ, ಹೇಳಿಲ್ಲ ಅನ್ನೋಕೆ ಒಬ್ಬರಿರ್ಲಿ."

ಹೊಲಿಗೆಯವಳು ಕಿಟಕಿಯ ಬೆಳಕಿನಲ್ಲಿ ಯಂತ್ರದ ಮುಂದೆ ಕೂತಿದ್ದಳು. ಎರಡು ವಾರದ ಹೊಲಿಗೆ ಬಾಕಿ ಬಿದ್ದು, ಮೊಣಕಾಲೆತ್ತರಕ್ಕೆ ನೀಲಿ ಬಟ್ಟೆ ರಾಶಿಯಾಗಿತ್ತು. ದೊಡ್ಡಮ್ಮ ಹೊಸ್ತಿಲಾಚೆಯೇ ನಿಂತಳು. ಚೀಲವನ್ನು ಕೆಳಗಿಡಲಿಲ್ಲ.

"ಅವತ್ತು ಮಂಗಳವಾರ ಬಂದಾಗ ನನಗೆ ನೆಗಡಿ ಇತ್ತು. ಭಾನುವಾರದಿಂದಲೇ ಇತ್ತು. ಆಮೇಲೆ ಪರೀಕ್ಷೆ ಮಾಡಿಸ್ಕೊಂಡೆ, ಮಗುವಿಗಿದ್ದದ್ದೇ ನನಗೂ ಇತ್ತು. ಮಗುವಿನ ಮುಖಕ್ಕೆ ಮೂರು ಸಲ ಊದಿದ್ದೆ."

ಯಂತ್ರ ಇನ್ನೊಂದು ಗೇಣು ಬಟ್ಟೆ ಹೊಲಿಯಿತು. ಆಮೇಲೆ ನಿಂತಿತು. ಹೊಲಿಗೆಯವಳು ಸೂಜಿಯ ಕೆಳಗಿನ ಬಟ್ಟೆಯನ್ನು ಬಿಡಲಿಲ್ಲ, ನಮ್ಮ ಕಡೆ ತಿರುಗಲೂ ಇಲ್ಲ. ನನಗೆ ತಿಳಿದದ್ದನ್ನು ಹೇಳಲು ನಾನು ಬಾಯಿ ತೆರೆದೆ: ಹದಿನೇಳು ಮಾದರಿ, ದೊಡ್ಡ ಮಗಳು, ಬುಧವಾರ. ದೊಡ್ಡಮ್ಮ ನನ್ನ ಮೊಣಕೈ ಹಿಡಿದು ತಡೆದಳು.

"ಗೊತ್ತಿತ್ತು" ಎಂದಳು ಹೊಲಿಗೆಯವಳು. "ಮೂಗು ಕೆಂಪಗಿತ್ತು ನಿಮಗೆ. ಬಾಗಿಲು ತೆಗೆದಾಗ್ಲೇ ನೋಡ್ದೆ. ಇವತ್ತು ಬೇಡ ಅಕ್ಕ, ಇನ್ನೊಂದ್ ದಿನ ಬನ್ನಿ ಅಂತ ಬಾಯಿ ತುದೀಗೆ ಬಂತು. ಹೇಳ್ಲಿಲ್ಲ. ತೂಕ ಬೇಕಿತ್ತು ನಂಗೆ."

ಎದುರುಮನೆಯ ಕಿಟಕಿಯಿಂದ ಮುದುಕಿ, ಹೊಸ್ತಿಲಲ್ಲಿ ನಿಂತು ಏನು ಬಾಡಿಗೆ ಕೇಳ್ತಿದ್ದೀಯ, ಒಳಗೆ ಹೋಗಬಾರದಾ ಎಂದು ದೊಡ್ಡಮ್ಮನನ್ನು ಕೂಗಿ ಗದರಿಸಿದಳು.

"ನೋಡಿಯೂ ಸುಮ್ನಿದ್ದೆ ಅಂತ ಇವರಪ್ಪಂಗೆ ಹೇಳಿಲ್ಲ ನಾನು" ಎಂದು ಹೊಲಿಗೆಯವಳು ಮೆಲ್ಲಗೆ ಮುಂದುವರಿಸಿದಳು. "ದೊಡ್ಡವಳು, ನನ್ನಿಂದ ಪಾಪುಗೆ ಹುಷಾರಿಲ್ದಂಗಾಯ್ತಾ ಅಂತ ದಿನಾ ಕೇಳ್ತಾಳೆ. ಅಲ್ಲ ಅಂತೀನಿ." ನಮ್ಮ ಕಡೆ ತಿರುಗಿದಳು. "ನೀವು ಮೊದ್ಲೇ ಹೇಳ್ಬೇಕಿತ್ತು ಅಕ್ಕ. ಆ ಬೆಂಚಿನ ಮೇಲೆ ಕೂತ್ಕೊಂಡು, ನಾನು ದಿನಾ ನಿಮ್ಮ ಕೈ ಹಿಡಿಯೋವಾಗ."

"ಹೌದಮ್ಮ" ಎಂದಳು ದೊಡ್ಡಮ್ಮ.

ಹೊಲಿಗೆಯವಳು ಎದ್ದು ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಳು. ನಾವು ಹೊರಡಬೇಕೇನೋ ಎಂದುಕೊಂಡೆ. ಅವಳು ಬಾಗಿಲ ಪಕ್ಕದ ನೀರಿನ ಕೊಡದ ಕಡೆ ಗಲ್ಲದಿಂದಲೇ ತೋರಿಸಿದಳು. "ಸೋಪು ಅಲ್ಲೇ ಇದೆ. ಕೈ ತೊಳ್ಕೊಂಡು ಬನ್ನಿ. ತೂಕ ನೋಡಿ. ಊದ್ಬೇಡಿ."

ದೊಡ್ಡಮ್ಮ ಮೊಣಕೈವರೆಗೆ ತೊಳೆದಳು. ಮಾಸ್ಕನ್ನು ಮೂಗಿನ ಮೇಲೆ ಒತ್ತಿ ಸರಿಮಾಡಿಕೊಂಡಳು. ಮರಳಿನ ಡಬ್ಬಿಯನ್ನು ಕೊಕ್ಕೆಗೆ ಹಾಕಿ ಮುಳ್ಳು ಎರಡಕ್ಕೆ ಬಂದದ್ದನ್ನು ತಾಯಿಗೂ ತೋರಿಸಿದಳು. ಜೋಳಿಗೆಯಲ್ಲಿ ಕೂಸನ್ನು ಮಲಗಿಸಿದ್ದು ತಾಯಿಯೇ. ಕೊಕ್ಕೆಗೆ ಸಿಕ್ಕಿಸಿದ್ದೂ ಅವಳೇ. ಕೂಸು ಕೂಗಿತು. ಕಾಲು ಬಡಿಯಿತು. ಮುಳ್ಳು ಮೂರಕ್ಕೆ ಹೋಯಿತು, ಮೂರೂಕಾಲಿಗೆ, ಮತ್ತೆ ಮೂರಕ್ಕೆ. ದೊಡ್ಡಮ್ಮ ಒಂದು ಮಾರು ದೂರದಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಿದಳು. ಅಭ್ಯಾಸಬಲದಿಂದ ಒಮ್ಮೆ ಮಾಸ್ಕಿನೊಳಗೆ ಅವಳ ತುಟಿ ಮುಂದಾದದ್ದು ನನಗೆ ಕಂಡಿತು. ತಕ್ಷಣ ಮುಖ ಆಚೆ ತಿರುಗಿಸಿದಳು. ನಾವು ಬಹಳ ಹೊತ್ತು ಕಾದೆವು. ಕೂಸು ಸುಮ್ಮನಾಗಲಿಲ್ಲ.

ಆಮೇಲೆ ಅವಳು ಪುಸ್ತಕ ತೆಗೆದು ಆ ದಿನದ ಸಾಲಿನಲ್ಲಿ ಬರೆದಳು. ನಾನು ಹೆಗಲ ಮೇಲಿಂದ ಓದಿದೆ. ಇಪ್ಪತ್ತೆರಡು ವರ್ಷದ ಒಂಟಿ ಸಂಖ್ಯೆಗಳ ಕೆಳಗೆ ಎರಡು ಸಂಖ್ಯೆಗಳಿದ್ದವು: ಮೂರು ಕಿಲೋದಿಂದ ಮೂರು ಕಿಲೋ ಇನ್ನೂರೈವತ್ತು. ಷರಾ ಬರೆಯುವ ಜಾಗದಲ್ಲಿ, ಅದೇ ಅಚ್ಚುಕಟ್ಟಾದ ಅಕ್ಷರಗಳಲ್ಲಿ: ಮಗು ಅಲುಗಾಡುತ್ತಿತ್ತು.